ಹಸಿಂತೊ ಮಾಡಿದ ಕತ್ತೆ

ಹಸಿಂತೊ ಕತ್ತೆ ಮಾಡಿದ್ದು ತಪ್ಪಲ್ಲ. ಅದನ್ನು ಒಣಗಲೆಂದು ಬಾಗಿಲ ಮುಂದಿಟ್ಟದ್ದು ತಪ್ಪು.

ಅವನು ಕೆಲಸಕ್ಕಿದ್ದ ಲಿಯೋನ್ ಊರಿನ ಬೂಟಿನ ಕಾರ್ಖಾನೆ ಮುಚ್ಚಿ ನಾಲ್ಕು ತಿಂಗಳಾಗಿತ್ತು. ಅಂದಿನಿಂದ ಅವನು ಗೋಡೆ ಕಡೆ ಮುಖ ಮಾಡಿ ಮಲಗಿದ್ದೇ ಮಲಗಿದ್ದು. ಒಂದು ದಿನ ಬೇಸರಕ್ಕೆ ಹಳೆ ಪೇಪರನ್ನು ಮೈದಾ ಅಂಟಿನಲ್ಲಿ ಅದ್ದಿ ಮೆತ್ತತೊಡಗಿದ. ಮೂರು ವಾರಕ್ಕೆ ಗುಲಾಬಿ ಬಣ್ಣದ ಕತ್ತೆಯೊಂದು ಎದ್ದು ನಿಂತಿತು. ಅದಕ್ಕೆ ಕಾಗದದ ರೆಪ್ಪೆ ಕತ್ತರಿಸುತ್ತ ಅವನು ಸಿಳ್ಳೆ ಹಾಕಿದಾಗ ಹೆಂಡತಿ ಚಾಯೊ ಗಾಬರಿಯಿಂದ ಅವನ ಹಣೆ ಮುಟ್ಟಿ ನೋಡಿದಳು.

ಬಾಗಿಲಲ್ಲಿದ್ದ ಕತ್ತೆ ಮೊದಲು ಕಂಡದ್ದು ಪಕ್ಕದ ಮನೆಯ ದೋನ್ಯಾ ಕೂಕಾ ಅಜ್ಜಿಗೆ.

"ದೇವರೇ ಕಳಿಸ್ದ ನೋಡು! ಇವತ್ತು ನಮ್ಮ ಮೊಮ್ಮಗಳು ಮಿರೆಯಾ ಹುಟ್ಟುಹಬ್ಬ. ತಂದಿದ್ದ ಪಿನ್ಯಾತಾ ಮೇಲೆ ನನ್ನ ಅಳಿಯ ಕೂತ್ಬಿಟ್ಟ. ಇದನ್ನ ಕೊಡಪ್ಪಾ."

"ಆಗಲ್ಲಜ್ಜಿ. ಇದು ಒಡೆಯೋಕಲ್ಲ, ಇಟ್ಕೊಳ್ಳೋಕೆ. ಇದು ಕಲೆ."

"ಕಲೆಯಂತೆ ಕಲೆ! ಪಿನ್ಯಾತಾ ಅಂದ್ರೆ ಹಗ್ಗಕ್ಕೆ ತೂಗಿಹಾಕಿ ಮಕ್ಕಳ ಕೈಲಿ ಬಡಿಸೋದು. ಹೊಟ್ಟೆ ಒಡೆದು ಮಿಠಾಯಿ ಉದುರ್ಬೇಕು!"

ಗದ್ದಲ ಕೇಳಿ ಬೀದಿಯ ಮಕ್ಕಳೆಲ್ಲ ಕೋಲು ಹಿಡಿದು ಬಂದವು. ಹಸಿಂತೊ ಕತ್ತೆಯನ್ನು ಹೆಗಲಿಗೇರಿಸಿ ಓಡಿದ. ಇದೊಂದು ಹೋದರೆ ತಾನು ಮತ್ತೆ ಆ ಗೋಡೆಗೇ ಮುಖ ಮಾಡಬೇಕೆಂದು ಅವನಿಗೆ ನಿಜಕ್ಕೂ ಭಯವಾಗಿತ್ತು. ಚರ್ಚಿಗೆ ನುಗ್ಗಿದರೆ ಪಾದ್ರಿ, "ಕತ್ತೆ ಬೇಕಾಗೋದು ಕ್ರಿಸ್‌ಮಸ್ ಕೊಟ್ಟಿಗೆಯಲ್ಲಿ ನಿಲ್ಲಿಸೋಕೆ, ಡಿಸೆಂಬರಲ್ಲಿ ಬಾ" ಎಂದು ಹೊರಗೆ ದಬ್ಬಿದರು.

ಮೂಲೆಯ ಕ್ಷೌರಿಕ ನಬೋರ್ ಕೈಬೀಸಿ ಕರೆದ. "ಹುಚ್ಚಪ್ಪಾ, ಪುರಭವನದಲ್ಲಿ ಇವತ್ತು ಪಿನ್ಯಾತಾ ಸ್ಪರ್ಧೆ. ಹೆಸರು ಬರೆಸಿದ್ರೆ ಯಾರೂ ಮುಟ್ಟೋ ಹಾಗಿಲ್ಲ. ಪೊಲೀಸ್ ಕಾವಲು ಬೇರೆ!"

ಹಸಿಂತೊ ಅವನ ಕೆನ್ನೆಗೆ ಮುತ್ತಿಟ್ಟು ಪುರಭವನಕ್ಕೆ ಓಡಿದ. ಅಲ್ಲಿ ಕೊಟ್ಟ ಕಾಗದಕ್ಕೆ ಓದದೆಯೇ ಸಹಿ ಹಾಕಿದ. ಸಂಜೆಯವರೆಗೆ ಕತ್ತೆಗೆ ಒಂದು ನೊಣವೂ ತಾಗಲಿಲ್ಲ. ಮೊದಲ ಬಹುಮಾನವೂ ಅದಕ್ಕೇ ಬಂತು! ಪುರಸಭೆಯ ಅಧ್ಯಕ್ಷೆ ಪ್ರಶಸ್ತಿಪತ್ರ ಕೊಟ್ಟರು, ಕೈಕುಲುಕಿದರು, ಆಮೇಲೆ ಅವನ ಕಣ್ಣಿಗೆ ಬಟ್ಟೆ ಕಟ್ಟಿ ಕೈಗೆ ಕೋಲು ಕೊಟ್ಟರು.

"ಇದೇನಮ್ಮಾ ಇದು?"

"ಕಾಗದದಲ್ಲೇ ಇತ್ತಲ್ಲ? ಗೆದ್ದದ್ದನ್ನ ಊರ ಮಕ್ಕಳ ಮುಂದೆ ಒಡೀಬೇಕು. ಮೊದಲನೇ ಏಟು ಮಾಡಿದವರದ್ದೇ."

"ಹೊಡಿಯಪ್ಪಾ ಹಸಿಂತೊ!" ದೋನ್ಯಾ ಕೂಕಾಳ ದನಿ ಕೇಳಿಸಿತು. ಹುಟ್ಟುಹಬ್ಬದ ಬಳಗವನ್ನೆಲ್ಲ ಕೇಕ್ ಸಮೇತ ಕರೆತಂದಿದ್ದಳು. "ಭಲೇ ನಬೋರ್! ನನ್ನ ತಮ್ಮ ಅಂದ್ರೆ ನೀನೇ ಕಣೋ, ಸರಿಯಾಗಿ ಇಲ್ಲಿಗೇ ಕಳಿಸಿದ್ಯಲ್ಲ!"

ಹಸಿಂತೊ ಅಳುತ್ತಲೇ ಒಂದು ಏಟು ಹಾಕಿದ. ಎರಡನೆಯದಕ್ಕೆ ಕಾರ್ಖಾನೆಯ ಮ್ಯಾನೇಜರನ ಮುಖ ಕಣ್ಣಿಗೆ ಕಟ್ಟಿತು. ಮೂರು, ನಾಲ್ಕು, ಹತ್ತು! ಇಂಥ ಸುಖ ಅವನಿಗೆ ರೆಪ್ಪೆ ಅಂಟಿಸುವಾಗಲೂ ಸಿಕ್ಕಿರಲಿಲ್ಲ. ಮಕ್ಕಳು ತಮ್ಮ ಸರದಿಗಾಗಿ ಕಿರುಚಿದರೂ ಬಿಡಲಿಲ್ಲ. ಕೊನೆಗೆ ಚಾಯೊಳೇ ಬಂದು ಕೋಲು ಕಿತ್ತುಕೊಂಡಳು. ಅಷ್ಟರಲ್ಲಿ ಕತ್ತೆ ಚಿಂದಿಯಾಗಿತ್ತು.

ನೆಲದ ಮೇಲೆ ಒಂದೂ ಮಿಠಾಯಿ ಬಿದ್ದಿರಲಿಲ್ಲ.

"ಮಿಠಾಯಿ ಎಲ್ಲೋ?" ಎಂದು ಗುಡುಗಿದಳು ದೋನ್ಯಾ ಕೂಕಾ.

"ಒಡೆಯೋಕಲ್ಲ ಅಂತ ಬಡ್ಕೊಂಡೆನಲ್ಲಜ್ಜಿ! ಯಾಕೆ ತುಂಬ್ಲಿ?" ಎಂದವನಿಗೆ ನಗು ಬಂತು. ತಡೆಯಲಾಗದೆ ಹೊಟ್ಟೆ ಹಿಡಿದು ನಕ್ಕ.

ನಲವತ್ತು ಮಕ್ಕಳು ಸುತ್ತ ನೆರೆದವು. ನಗುವಿಗೆ ಕುಣಿಯುತ್ತಿದ್ದ ಅವನ ಹೊಟ್ಟೆಯನ್ನೇ ಮಿರೆಯಾ ದಿಟ್ಟಿಸಿ, ಕೋಲು ಎತ್ತಿಕೊಂಡಳು.

"ಅಜ್ಜಿ, ಮಿಠಾಯಿ ಎಲ್ಲಾ ಈ ಮಾಮಾನೇ ತಿಂದಿರ್ಬೇಕು. ಹಗ್ಗ ಕೊಡು."

ಹಸಿಂತೊ ಕಣ್ಣಿನ ಬಟ್ಟೆಯನ್ನೂ ಬಿಚ್ಚದೆ ಓಟ ಕಿತ್ತ.