ಸಕ್ಕರೆ ಕಾರ್ಖಾನೆಯ ಭೋಂಗಾ ಅವರಿಗೆ ಒಂದು ಗಿಟಾರಿನ ಅಹವಾಲು

ಹಾರೂಗೇರಿ ಹತ್ತಿರದ ತೋಟದ ಮನೆ, ರಾಯಬಾಗ ತಾಲೂಕು
ಸಂಕ್ರಾಂತಿ ಮುಗಿದ ವಾರ, ೧೯೯೨

ಮಾನ್ಯ ಭೋಂಗಾ ಅವರೇ,

ಕಬ್ಬಿನ ಗದ್ದೆಗಳ ಆಚೆ, ಚಿಮಣಿಯ ಬಗಲಲ್ಲಿ, ತಗಡಿನ ಮಾಡಿನ ಮೇಲೆ ವಿರಾಜಮಾನರಾಗಿ, ಪಾಳಿ ಬದಲಾಗುವ ಹೊತ್ತಿಗೆ ಹೊಟ್ಟೆ ತುಂಬ ಉಗಿ ಎಳೆದುಕೊಂಡು ಕೂಗಿ, ಸುತ್ತಲಿನ ಊರುಗಳನ್ನೆಲ್ಲ ಎಬ್ಬಿಸುವ, ಉಣ್ಣಿಸುವ, ಮಲಗಿಸುವ ತಮಗೆ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ಪತ್ರ ಬರೆದು ವಿಚಾರಿಸುವ ಅಗತ್ಯವಿಲ್ಲ, ಕಿಟಕಿ ಮುಚ್ಚಿದರೂ ಕೇಳಿಸುತ್ತದೆ. ಅಷ್ಟು ಕ್ಷೇಮವಾಗಿರುವುದೇ ನನ್ನ ದೂರು.

ಮೊದಲು ನನ್ನ ಪರಿಚಯ. ನಾನು ಸುಗಂಧಾ, ನಿಪ್ಪಾಣಿಯ ವ್ಯಾಪಾರಸ್ಥರ ಮನೆಯ ಮಗಳು, ಕಾನ್ವೆಂಟಿನಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತವಳು, ಕಳೆದ ಬೇಸಿಗೆಯಲ್ಲಿ ಇಲ್ಲಿನ ರೈತರಾದ ಬಾಪುಸಾಹೇಬರ ಕೈ ಹಿಡಿದು ಬಂದ ಹೊಸ ಮದುಮಗಳು. ಮದುಮಗಳು ಎಂದೊಡನೆ ತಾವು ಇಪ್ಪತ್ತರ ಹುಡುಗಿಯನ್ನು ಕಲ್ಪಿಸಿಕೊಳ್ಳಬಾರದು. ನನಗೆ ನಲವತ್ಮೂರು, ಅವರು ನನಗಿಂತ ದೊಡ್ಡವರು, ನಮ್ಮ ಲಗ್ನದಲ್ಲಿ ಅಕ್ಕಿಕಾಳು ಹಾಕಿದವರಲ್ಲಿ ಅರ್ಧ ಜನ ನಮ್ಮನ್ನು ಮಾವಶಿ, ಕಾಕಾ ಎಂದು ಕರೆಯುವವರು. ಆದರೂ ಅವರ ಮೋಟರ್ ಸೈಕಲ್ಲಿನ ಸದ್ದು ಗದ್ದೆಯ ತಿರುವಿನಲ್ಲಿ ಕೇಳಿಸಿದರೆ ನಾನು ಇಂದಿಗೂ ಒಲೆಯ ಮೇಲಿನ ಹಾಲನ್ನು ಮರೆಯುತ್ತೇನೆ. ಈ ಸಂಗತಿ ತಮಗೆ ಸಂಬಂಧಿಸಿದ್ದಲ್ಲ, ಆದರೆ ಯಾರಿಗಾದರೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಲಗ್ನಕ್ಕೆ ಏನು ಬೇಕು, ಬಂಗಾರದ ಬಳೆಗಳಲ್ಲಿ ಪಾಟಲಿಯೋ ಬಿಲವಾರವೋ ಎಂದು ಅವರು ಕೇಳಿದಾಗ ನಾನು ನಾಚಿಕೊಂಡು ಗಿಟಾರು ಎಂದೆ. ಅವರು ಬಂಗಾರದಂಗಡಿ ದಾಟಿ ಹೋಗಿ ಕೊಲ್ಹಾಪುರದಿಂದ ಗಿಟಾರನ್ನು, ಅದರ ಜೊತೆಗೆ ಸ್ವಂತ ಕಲಿಯುವವರಿಗೆಂದು ಇಂಗ್ಲಿಷಿನಲ್ಲಿ ಬರೆದ ಒಂದು ಪುಸ್ತಕವನ್ನು ತಂದರು. ಅತ್ತೆಯವರಾದ ಸೋನಾಬಾಯಿ ನನ್ನ ಮೊದಲ ಪಾಠವನ್ನು ಅಡುಗೆಮನೆಯಿಂದಲೇ ಆಲಿಸಿ, “ಏನ ಬೇ ಸುಗಂಧಾ, ಗಾದಿ ಹತ್ತಿ ಹಿಂಜಾಕತ್ತೀ ಏನ್?” ಎಂದರು. ನೆರೆಯ ಕಾಳವ್ವ ಅದಕ್ಕೂ ಮುಂದೆ ಹೋಗಿ, “ಬಾಯಾರದು ಸುರು ಆತು, ಎಮ್ಮಿ ಹಿಂಡಿದ ಮ್ಯಾಲಾದ್ರೂ ಬಾರಸಂತ ಹೇಳ್ರಿ, ಅದು ಹಾಲ ಬಿಡವಲ್ದು” ಎಂದು ಬೇಲಿಯಾಚೆಯಿಂದ ವಿಮರ್ಶೆ ಕಳಿಸಿದಳು. ನನ್ನ ಬೆರಳ ತುದಿಗಳು ಸೀಳಿಹೋಗಿ, ಭಕ್ಕರಿ ಬಡಿಯುವಾಗ ಹಿಟ್ಟಿನ ಉಪ್ಪು ಉರಿಯುತ್ತಿತ್ತು, ಆದರೂ ನಾನು ಯಾವುದೋ ದೊಡ್ಡ ಸಭಾಗೃಹದಲ್ಲಿ ಕುಳಿತಿರುವಂತೆ ಕಣ್ಣು ಮುಚ್ಚಿ ಬಾರಿಸುತ್ತಿದ್ದೆ.

ತಮ್ಮ ಪ್ರವೇಶವಾಗುವುದು ಇಲ್ಲಿ. ಪುಸ್ತಕದ ಮೊದಲ ಪುಟದಲ್ಲೇ, ಐದನೆಯ ತಂತಿಯನ್ನು ಮನೆಯ ಪಿಯಾನೋದ ಸ್ವರಕ್ಕೆ ಕೂಡಿಸಿ, ಉಳಿದವನ್ನು ಅದಕ್ಕೆ ಹೊಂದಿಸಿಕೊಳ್ಳಿ ಎಂದಿತ್ತು. ಚಿಕ್ಕೋಡಿಯಿಂದ ಕಾಗವಾಡದವರೆಗೆ ಪಿಯಾನೋ ಇರುವ ಮನೆ ಯಾವುದೆಂದು ನಾನು ಚಿಂತಿಸುತ್ತಿರುವಾಗ ಸಂಜೆ ನಾಲ್ಕರ ಪಾಳಿಗೆ ತಾವು ಕೂಗಿದಿರಿ. ಉದ್ದವಾದ, ಅಲುಗದ, ದುಂಡನೆಯ ಸ್ವರ! ಅದೂ ಅಲ್ಲದೆ, ತಮ್ಮ ಹಿತ್ತಾಳೆಯ ಹೊಟ್ಟೆಯ ಮೇಲೆ ಇಂಗ್ಲೆಂಡಿನ ಯಾವುದೋ ಊರಿನ ಹೆಸರನ್ನು ಎರಕ ಹೊಯ್ದಿದ್ದಾರೆಂದು ಕಾರ್ಖಾನೆಗೆ ಕಬ್ಬು ಹಾಕಲು ಹೋದಾಗ ನೋಡಿದ್ದ ಯಜಮಾನರು ಒಮ್ಮೆ ಹೇಳಿದ್ದರು. ಪುಸ್ತಕವೂ ಇಂಗ್ಲೆಂಡಿನದು, ಭೋಂಗಾ ಕೂಡ ಇಂಗ್ಲೆಂಡಿನದು, ಹಾಗಾದರೆ ಸ್ವರವೂ ಅದೇ ಆಗಿರಲೇಬೇಕೆಂದು ಕಾನ್ವೆಂಟಿನಲ್ಲಿ ಕಲಿತ ನನ್ನ ಬುದ್ಧಿ ತೀರ್ಮಾನಿಸಿತು. ಅಂದಿನಿಂದ ತಾವೇ ನನ್ನ ಗುರುಗಳು. ನಾಲ್ಕು ಹೊಡೆಯುವುದಕ್ಕೆ ಮೊದಲೇ ನಾನು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಕಿವಿಯನ್ನು ಗದ್ದೆಯ ಕಡೆ ತಿರುಗಿಸಿ, ಬಸ್ಸಿಗೆ ಕಾಯುವವಳಂತೆ ಕಾಯುತ್ತಿದ್ದೆ.

ತೊಂದರೆ ಎಂದರೆ ಬಾಪುಸಾಹೇಬರ ಪೇಟಿ, ಅಂದರೆ ಅವರು ಬಸದಿಯ ಭಜನೆಯಲ್ಲಿ ನುಡಿಸುವ ಹಾರ್ಮೋನಿಯಂ. ಒಟ್ಟು ಕುಟುಂಬದ ಮನೆಯಲ್ಲಿ ಹೊಸ ದಂಪತಿ ಹಿರಿಯರೆದುರು ಅಕ್ಕಪಕ್ಕ ಕೂರುವ ಪದ್ಧತಿಯಿಲ್ಲ, ಕೂದಲು ನೆರೆತ ದಂಪತಿಗಂತೂ ಅದು ನಗೆಪಾಟಲು. ಆದರೆ ಸಂಗೀತದ ನೆಪದಲ್ಲಿ ಕೂರಬಹುದೆಂದು ನಾವಿಬ್ಬರೂ ಕಂಡುಕೊಂಡಿದ್ದೆವು. ಪಡಸಾಲೆಯಲ್ಲಿ ಒಂದೇ ಜಮಖಾನೆಯ ಮೇಲೆ, ನಡುವೆ ಪೇಟಿಯ ಮುಚ್ಚಳದಷ್ಟು ಮರ್ಯಾದೆಯ ಅಂತರವಿಟ್ಟು ಕೂತು, ಅವರು ಪೇಟಿಯ ಒಂದು ಸ್ವರದ ಮನೆ ಒತ್ತಿದರೆ ನನ್ನ ತಂತಿ ಅದಕ್ಕಿಂತ ಕೂದಲೆಳೆ ಕೆಳಗೆ ನರಳುತ್ತಿತ್ತು. “ನಿನ್ನ ತಂತೀನ ಪೇಟಿಗಿ ಕೂಡಸ ಅಲ್ಲಾ,” ಎಂದು ಅವರು ಮೆಲ್ಲಗೆ ಸೂಚಿಸಿದಾಗ ನಾನು ಸ್ವರಗಳ ಅಂತರರಾಷ್ಟ್ರೀಯ ಮಾನದಂಡದ ಕುರಿತು, ಏನೂ ತಿಳಿಯದೆಯೇ, ದೀರ್ಘ ಉಪನ್ಯಾಸ ಕೊಟ್ಟೆ. ಅವರು ಕೇಳಿ, “ಹೌದಾ? ಹಂಗಾದ್ರ ಪೇಟೀದ ತಪ್ಪಿರಬೇಕ” ಎಂದರು. ಇಂಥವರನ್ನು ನಾನು ಮದುವೆಯಾಗಿದ್ದೇನೆ, ಭೋಂಗಾ ಅವರೇ!

ಅತ್ತೆಯವರು ಮಾತ್ರ ಇಷ್ಟು ಉದಾರರಾಗಿರಲಿಲ್ಲ. “ಬಾಜೂಕ ಬಾಜೂಕ ಕುಂತು ಇಷ್ಟ ಜಗಳಾಡೂದಿದ್ರ ಒಬ್ಬರು ಪಡಸಾಲ್ಯಾಗ, ಒಬ್ಬರು ಹಿತ್ತಲದಾಗ ಕುಂದರ್ರಿ. ಸಂಕ್ರಾಂತಿಗಿ ಮಂದಿ ಮುಂದ ಕೂಡಿ ಬಾರಸಿ ತೋರಸ್ರಿ, ಆಗಲಿಲ್ಲಂದ್ರ ಆ ಹತ್ತಿ ಬಿಲ್ಲ ಅಟ್ಟದ ಮ್ಯಾಲೆ” ಎಂದು ಆಜ್ಞೆಯಾಯಿತು. ಗಿಟಾರು ಅಟ್ಟ ಸೇರುವುದು ನನಗೆ ದೊಡ್ಡ ದುಃಖವಾಗಿರಲಿಲ್ಲ, ಅದು ಸಂಗೀತಕ್ಕೂ ಒಳ್ಳೆಯದೇ ಇರಬಹುದು. ಆದರೆ ಆ ಜಮಖಾನೆ ಹೋಗುತ್ತಿತ್ತಲ್ಲ!

ಸಂಕ್ರಾಂತಿ ಬಂತು. ಮೊದಲ ವರ್ಷದ ಮದುಮಗಳೆಂದು ನನಗೆ ಕರಿ ಸೀರೆ ಉಡಿಸಿ, ಸಕ್ಕರೆಯ ಕುಸುರೆಳ್ಳು ಪೋಣಿಸಿದ ಹಾರ, ಬಾಜೂಬಂದು, ಬಿಂದಿ ಎಲ್ಲ ತೊಡಿಸಿ ಕೂರಿಸಿದರು. ಈ ವಯಸ್ಸಿನಲ್ಲಿ ನಾನು ಆ ಅಲಂಕಾರದಲ್ಲಿ ಮಿಠಾಯಿ ಅಂಗಡಿಯ ಫಲಕದಂತೆ ಕಾಣುತ್ತಿದ್ದೆ; ಇರುವೆಗಳು ಮಾತ್ರ ಮನಸ್ಸಿನಿಂದ ಮೆಚ್ಚಿ ಹತ್ತಿರ ಬಂದವು. ಅರಿಷಿಣ-ಕುಂಕುಮಕ್ಕೆ ಬಂದ ಹೆಂಗಸರಿಂದ ಪಡಸಾಲೆ ತುಂಬಿತು, ಬಾಪುಸಾಹೇಬರು ಪೇಟಿಯ ಹಿಂದೆ ತಲೆ ತಗ್ಗಿಸಿ ಕೂತರು, ನಾನು ತಮ್ಮ ಕೂಗಿಗಾಗಿ ಕೈಯೆತ್ತಿ ಸಭೆಯನ್ನು ಸುಮ್ಮನಾಗಿಸಿದೆ.

ತಾವು ಕೂಗಿದಿರಿ. ಆದರೆ ಅದು ತಮ್ಮ ದನಿಯಾಗಿರಲಿಲ್ಲ! ತೆಳ್ಳಗೆ, ಚೂಪಾಗಿ, ಆಕಾಶ ಹರಿಯುವ ಹಾಗೆ ಏರಿದ ಹೊಸ ದನಿ. ಗುರುವಾಕ್ಯ ಮೀರಬಾರದೆಂದು ನಾನು ಕೀಲಿ ತಿರುವಿದೆ, ಇನ್ನೂ ತಿರುವಿದೆ, ಮತ್ತೂ ತಿರುವಿದೆ, ಠಣ್ಣೆಂದು ತಂತಿ ಹರಿದು ನನ್ನ ಸಕ್ಕರೆ ಹಾರವನ್ನು ಸೆಳೆದು, ಕುಸುರೆಳ್ಳೆಲ್ಲ ಗಿಟಾರಿನ ಹೊಟ್ಟೆಯೊಳಗೆ ಸುರಿದುಹೋಯಿತು. ಬಂದಿದ್ದ ಮಕ್ಕಳು ಅದನ್ನು ಕಸಿದುಕೊಂಡು ತಲೆಕೆಳಗು ಮಾಡಿ ಗಲಗಲ ಅಲ್ಲಾಡಿಸಿದಾಗ, “ಈಗ ನೋಡ್ರಿ, ಈಗ ಚಂದ ಬಾರಸಾಕತ್ತೈತಿ” ಎಂದರು ಸೋನಾಬಾಯಿ. ತಮ್ಮ ಹಳೆಯ ಸೋರುವ ಕವಾಟವನ್ನು ಹಿಂದಿನ ದಿನವೇ ಬದಲಿಸಿದ್ದರೆಂದು, “ಈಗ ಕೊಕಟನೂರತನಕ ಕೇಳತೈತಂತ!” ಎಂದು ಕಾಳವ್ವ ಹೆಮ್ಮೆಯಿಂದ ಸಾರಿದಳು.

ಆದ್ದರಿಂದ ಈ ಕೆಳಗೆ ಸಹಿ ಮಾಡಿದವಳ ನಮ್ರ ಬೇಡಿಕೆಗಳು: ತಮ್ಮ ಹಳೆಯ ಕವಾಟವನ್ನು ಗುಜರಿಯಿಂದ ಹುಡುಕಿ ತಂದು ಮತ್ತೆ ಸೋರಲು ಬಿಡಬೇಕು, ರಿಪೇರಿಗೆ ಮುನ್ನ ಸುತ್ತಲಿನ ಗಿಟಾರು ವಾದಕರ (ನನ್ನ) ಒಪ್ಪಿಗೆ ಪಡೆಯಬೇಕು, ಸಾಧ್ಯವಾದರೆ ಉಳಿದ ಐದು ತಂತಿಗಳಿಗೂ ಐದು ಭೋಂಗಾಗಳನ್ನು ಚಿಮಣಿಯ ಸುತ್ತ ಕೂರಿಸಬೇಕು.

ಈ ಬೇಡಿಕೆಗಳನ್ನು ಬರೆದ ಮೇಲೆ ಒಂದು ಮಾತನ್ನು ಹೇಳದಿದ್ದರೆ ತಪ್ಪಾಗುತ್ತದೆ. ಅಂದು ಎಲ್ಲರೂ ನಗುತ್ತಿರುವಾಗ ಬಾಪುಸಾಹೇಬರು ಪೇಟಿಯ ಒಂದು ಮನೆಯನ್ನು ಒತ್ತಿ ಹಿಡಿದರು. ಅದು ತಮ್ಮ ಹಳೆಯ ದನಿ, ಅದೇ ದುಂಡು, ಅದೇ ಸ್ವಲ್ಪ ಬಳಲಿಕೆ. ಔಷಧ ತರುವ ನೆಪ ಹೇಳಿ ಅವರು ಹಬ್ಬಕ್ಕೆ ತುಸು ಮುಂಚೆ ಪೇಟಿಯನ್ನು ಮೀರಜಿಗೆ ಒಯ್ದು, ಒಳಗಿನ ಹಿತ್ತಾಳೆಯ ಸ್ವರಪಟ್ಟಿಗಳನ್ನೆಲ್ಲ ಅರದಿಂದ ಉಜ್ಜಿಸಿ, ನನ್ನ ತಂತಿಗೆ ಇಳಿಸಿಕೊಂಡು ಬಂದಿದ್ದರಂತೆ. ಯಾವ ಸ್ವರಕ್ಕೆ ಎಂದು ರಿಪೇರಿಯವನು ಕೇಳಿದಾಗ ಅಂಗಡಿಯ ನಡುವೆ ನಿಂತು ತಾವು ಕೂಗುವ ಹಾಗೆ ಕೂಗಿ ತೋರಿಸಿದರಂತೆ, “ಭೋಂಗ್ಯಾಲಾ?”, ಭೋಂಗಾಕ್ಕೇನು, ಎಂದು ಅವನು ಮರಾಠಿಯಲ್ಲಿ ಎರಡು ಸಲ ಕೇಳಿದನಂತೆ. ಭಜನೆಯ ಮಂಡಳಿಯವರು ಈಗ ಆ ಪೇಟಿಗೆ ಹಾಡಲಾರೆವೆಂದು ಗೊಣಗುತ್ತಿದ್ದಾರೆ. ಉಜ್ಜಿದ ಹಿತ್ತಾಳೆ ಮತ್ತೆ ಬೆಳೆಯುವುದಿಲ್ಲ.

ನಾನು ಉಳಿದ ಐದು ತಂತಿಗಳನ್ನು ಪೇಟಿಗೆ ಕೂಡಿಸಿಕೊಂಡೆ. ನನಗೆ ಬರುವ ಒಂದೇ ಹಾಡನ್ನು, ನಡುನಡುವೆ ಕುಸುರೆಳ್ಳಿನ ಗಲಗಲದೊಂದಿಗೆ, ಇಬ್ಬರೂ ಕೊನೆಯವರೆಗೆ ಬಾರಿಸಿದೆವು. ಸೋನಾಬಾಯಿ ಜಮಖಾನೆಯನ್ನು ಮಡಚಲಿಲ್ಲ.

ಹೀಗಾಗಿ ತಮ್ಮ ಸೇವೆ ಇನ್ನು ನನಗೆ ಬೇಕಾಗಿಲ್ಲ. ಈಗ ತಂತಿ ಕೂಡಿಸಬೇಕಾದರೆ ದಿನವೂ ಸಂಜೆ ಯಜಮಾನರ ಪಕ್ಕದಲ್ಲೇ ಕೂರಬೇಕಾಗಿದೆ, ನನ್ನ ಕಿವಿ ವಯಸ್ಸಾದ ಕಿವಿಯಾದ್ದರಿಂದ ಕೂಡಿಸಲು ಬಹಳ ಹೊತ್ತು ಹಿಡಿಯುತ್ತದೆ, ಕೂಡಿದ ತಂತಿ ಯಾರೂ ನೋಡದಾಗ ತಾನಾಗಿಯೇ ಸಡಿಲವಾಗುತ್ತದೆ.

ತಮ್ಮ ಹಳೆಯ ದನಿಗೆ ಇಂದಿಗೂ ಶ್ರುತಿಬದ್ಧಳಾದ,
ತಮ್ಮ ವಿಶ್ವಾಸಿ,
ಸೌ. ಸುಗಂಧಾ ಬಾಪುಸಾಹೇಬ

ತಾ.ಕ.: ಅತ್ತೆಯವರ ಪರವಾಗಿಯೂ ಒಂದು ಬೇಡಿಕೆ ಸೇರಿಸಬೇಕಂತೆ. ಹೊಸ ಕವಾಟ ಬಹಳ ಚೆನ್ನಾಗಿದೆಯಂತೆ. ಸಂಜೆ ನಾಲ್ಕಕ್ಕೆ ಕೂಗಲು ಆರಂಭಿಸಿದವರು, ದಯವಿಟ್ಟು, ನಾವು ಬಾರಿಸುವುದನ್ನು ಮುಗಿಸುವವರೆಗೆ ನಿಲ್ಲಿಸಬಾರದಂತೆ.