ಜಂತುಹುಳು ತಿನ್ನುವ ಬೂಷ್ಟು

ಯಲಹಂಕದಲ್ಲಿ ನಮ್ಮದೊಂದು ಸಣ್ಣ ಘಟಕ. ಅಲ್ಲಿ ಬೂಷ್ಟು ಬೆಳೆಸುತ್ತೇವೆ. ಗಿಡದ ಬೇರಿನೊಳಗೆ ಹೊಕ್ಕು ಗಂಟು ಕಟ್ಟಿಸುವ, ಕಣ್ಣಿಗೆ ಕಾಣದ ಜಂತುಹುಳುಗಳಿವೆ. ಅವುಗಳ ಮೊಟ್ಟೆ ತಿಂದು ಮುಗಿಸುವ ಒಳ್ಳೆಯ ಜಾತಿಯ ಬೂಷ್ಟು ಇದು. ಇಂಥ ಕೆಲಸ ಹಿಡಿದವನು ನಗು ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಗೇಟಿನ ತನಕ ಬರುತ್ತದೆ.

ತೊಳೆದ ಬಾಟ್ಲಿ

ಬೂಷ್ಟು ಬೆಳೆಯುವುದು ಬಾಟ್ಲಿಗೆ ತುಂಬಿಟ್ಟ ಬೇಯಿಸಿದ ಅಕ್ಕಿಯ ಮೇಲೆ. ಗಂಗಾನಗರದಿಂದ ಕಸಮುಸುರೆಗೆ ಹೊಸದಾಗಿ ಬಂದ ಅಮ್ಮ, ನಾವು ಮೀಟಿಂಗ್ ಮುಗಿಸಿ ಬರುವಷ್ಟರಲ್ಲಿ ಬಾಟ್ಲಿಗಳನ್ನೆಲ್ಲ ಫಳಫಳ ತೊಳೆದು ಕವುಚಿಟ್ಟಿದ್ದರು. ಬೆಳೆಯೆಲ್ಲ ಮೋರಿ ಸೇರಿತ್ತು. ನನಗೆ ಅಳುವುದೊಂದು ಬಾಕಿ. ಅಷ್ಟರಲ್ಲಿ ಆಕೆ ತಮ್ಮ ಡಬ್ಬಿಯಿಂದ ಚಿತ್ರಾನ್ನ ಬಡಿಸಿ ಕೈಗಿಟ್ಟು, "ಹಳಸಿದ್ದೆಲ್ಲ ಯಾಕಪ್ಪ ಇಟ್ಕೊಂಡಿರ್ತೀರ? ನಾಳೆಯಿಂದ ನಾನೇ ತರ್ತೀನಿ" ಅಂದರು.

ಬೈಯೋಣವೆಂದರೆ ಬಾಯಿ ಖಾಲಿ ಇರಲಿಲ್ಲ.

ಬೋರ್ಡು

'ಜಂತುಹುಳು ಬಾಧೆಗೆ ಇಲ್ಲಿ ಪರಿಹಾರ' ಎಂದು ಗೇಟಿಗೆ ಬೋರ್ಡು ಹಾಕಿಸಿದ್ದೆವು. ಅದನ್ನು ನೋಡಿಕೊಂಡು ಹೋಗಿದ್ದ ಜಾಲಹಳ್ಳಿಯ ಅಜ್ಜಿಯೊಬ್ಬರು ಮರುದಿನ ಯಜಮಾನರನ್ನು ಆಟೋದಲ್ಲಿ ಕರೆತಂದರು. ಎಷ್ಟು ತಿಂದರೂ ಅಜ್ಜನ ಮೈಗೆ ಹತ್ತುತ್ತಿಲ್ಲವಂತೆ, ಹೊಟ್ಟೆಯಲ್ಲಿ ಹುಳು ಇರಬೇಕಂತೆ. ಅಜ್ಜ ಪೆಚ್ಚಾಗಿ ಕೂತಿದ್ದರು. ನಾನು ಮಜ್ಜಿಗೆ ತರಿಸಿಕೊಟ್ಟು, ಇದು ಮನುಷ್ಯರಿಗಲ್ಲ, ಮಣ್ಣಿಗೆ ಹಾಕುವ ಔಷಧಿ, ಇವರನ್ನು ಡಾಕ್ಟರಿಗೆ ತೋರಿಸಿ ಎಂದೆ.

ಅಜ್ಜ ತಟ್ಟನೆ ಎದ್ದರು. "ಮಣ್ಣಿಗೆ ಹೋದೋರಿಗಂತೆ ಕಣೇ. ನಡಿ, ನಂಗಿನ್ನೂ ಟೈಮಿದೆ."

ಫ್ಯಾನಿನ ಕೆಳಗೆ

ಯಲಹಂಕದಾಚೆ ಒಬ್ಬರ ತೋಟದಲ್ಲಿ ಟೊಮೆಟೊ ಗಿಡಗಳು ಹಳದಿ ತಿರುಗಿ ಸೊರಗುತ್ತಿದ್ದವು. ಕಿತ್ತು ನೋಡಿದರೆ ಬೇರಿನ ತುಂಬ ಗಂಟು. ಮುಂದಿನ ಬೆಳೆಯೂ ಹೀಗೇ ಆದರೆ ಬೇಸಾಯ ಬಿಡುವುದೇ ಎಂದು ಅವರು ತಲೆಮೇಲೆ ಕೈಹೊತ್ತಿದ್ದರು. ನಾನು ನಮ್ಮ ಬೂಷ್ಟಿನ ಪುಡಿ ಕೊಟ್ಟು, ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಎರಡು ವಾರ ನೆರಳಲ್ಲಿಡಿ, ಆಮೇಲೆ ಮಣ್ಣಿಗೆ ಸೇರಿಸಿ ನಾಟಿ ಮಾಡಿ ಎಂದೆ. "ಇದಕ್ಕೆ ಜೀವ ಇದೆ. ಬಿಸಿ ತಾಗಬಾರದು, ಒಣಗಲೂಬಾರದು" ಎಂದು ಒತ್ತಿ ಹೇಳಿ ಬಂದೆ.

ವಾರ ಬಿಟ್ಟು ಹೋದರೆ ಅವರು ಜಗಲಿಯ ಮೇಲೆ ಬೀಸಣಿಗೆ ಹಿಡಿದು ಕೂತಿದ್ದಾರೆ. ಒಳಗೆ ನಡುಮನೆಯಲ್ಲಿ, ಫ್ಯಾನಿನ ಕೆಳಗೆ, ಒದ್ದೆ ಗೋಣಿ ಹೊದ್ದು ಗೊಬ್ಬರದ ಗುಡ್ಡೆ ಮಲಗಿದೆ. ಶಾಖ ತಾಗೀತೆಂದು ಅಡುಗೆಮನೆಯ ಒಲೆಯನ್ನೂ ಹಿತ್ತಲಿಗೆ ಕಳಿಸಿದ್ದರು. ಗೋಣಿ ಎತ್ತಿದರೆ ಬೂಷ್ಟು ಬೆಳ್ಳಗೆ ಸೊಗಸಾಗಿ ಹಬ್ಬಿತ್ತು. ಮುಂದಿನ ಬೆಳೆಯಲ್ಲಿ ಬೇರಿನ ಗಂಟು ಬಹಳ ಕಡಿಮೆಯಾಗಿ, ಅವರು ಬೇಸಾಯ ಬಿಡದೆ ಉಳಿದರು.

ಆ ದಿನ ಮಾತ್ರ ಅವರ ಹೆಂಡತಿ ಹಿತ್ತಲಿಂದ ಬೆವರೊರೆಸಿಕೊಳ್ಳುತ್ತ ಬಂದು, ನನ್ನ ಕೈಗೆ ಕಾಫಿ ಕೊಟ್ಟು, ಮೆಲ್ಲಗೆ ಹೇಳಿದರು:

"ಸಾರ್, ನಂಗೂ ಜೀವ ಐತೆ ಅಂತ ಇವ್ರಿಗೊಂದ್ ಮಾತು ಏಳಿ."