ದೇವರಿಗೂ ಸಿಗದ ತಂಗಡಿ ಹೂವು

ಊರಿಗೆಲ್ಲ ಕಸ ಕೀಳುವ ಚಿಂತೆಯಾದರೆ ನಮ್ಮ ಕಾಕಾಗೆ ಕಸ ನೆಡುವ ಹುಚ್ಚು! ಆಂಧ್ರ ಇನ್ನೂ ಒಂದೇ ಆಗಿದ್ದ ಕಾಲ. ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ಕೂಕಟ್‌ಪಲ್ಲಿಯಲ್ಲಿ ಮನೆ ಕಟ್ಟಿಸಿದ ಈ ಮಹಾನುಭಾವರು ಒಂದೇ ಒಂದು ಗುಲಾಬಿಯನ್ನಾದರೂ ಅಂಗಳಕ್ಕೆ ಬಿಟ್ಟುಕೊಂಡರೇ? ಇಲ್ಲ. ಭಾನುವಾರ ಬೆಳಿಗ್ಗೆ ಚೀಲ ಹಿಡಿದು ಬಯಲಿಗೆ ಹೋಗಿ ತುಂಬೆಯ ಸಸಿ, ಹಳದಿ ಹೂ ಬಿಡುವ ತಂಗಡಿಯ ಬೀಜ ಹೊತ್ತು ತರುತ್ತಿದ್ದರು. ದಾರಿಯಲ್ಲಿ ಯಾರಾದರೂ ಇವರನ್ನು ನಾಟಿ ವೈದ್ಯರೆಂದು ತಿಳಿದು ಮೊಣಕಾಲು ತೋರಿಸಿದರೆ, "ಔಷಧ ಅಲ್ರಿ, ಇದು ಜೇನುಹುಳದ ಊಟ" ಎಂದು ಮುಂದೆ ನಡೆಯುತ್ತಿದ್ದರು.

ಹುಳಗಳೂ ಬಂದವು. ಜೊತೆಗೆ ಒಂದು ಕಾನೂನೂ ಬಂತು: ಅಂಗಳದ ಹೂವನ್ನು ಯಾರೂ ಮುಟ್ಟಬಾರದು. ದೇವರಿಗೂ ವಿನಾಯಿತಿ ಇಲ್ಲ!

"ಅಂಗಳದ ತುಂಬ ಹೂ ಐತಿ, ನಾ ಪೂಜಾಕ್ಕ ಅಮೀರ್‌ಪೇಟಿಂದ ತರಸಾಕತ್ತೀನಿ. ಏನ್ ಸಂಸಾರರೀ ಇದು!" ಎಂದು ಕಾಕು ಹಣೆ ಚಚ್ಚಿಕೊಂಡರೆ ಕಾಕಾರ ಉತ್ತರ ಸಿದ್ಧ: "ದೇವ್ರು ಹಸಕೊಂಡು ಕುಂತಿಲ್ಲ. ಹುಳ ಭಾಳ ಹಸಕೊಂಡು ಬರ್ತಾವ."

ಪಕ್ಕದ ಮನೆಯಲ್ಲಿ ವರಂಗಲ್ ಕಡೆಯ ಹೆಣ್ಣುಮಗಳಿದ್ದಳು. ಈ ಪೊದೆಗೆ ಹಾವು ಬರುತ್ತದೆಂದು ಅವಳದು ದಿನಾ ತಕರಾರು. ಇದುವರೆಗೆ ಬಂದದ್ದು ತಕರಾರು ಮಾತ್ರ, ಹಾವಲ್ಲ, ಎನ್ನುತ್ತಿದ್ದರು ಕಾಕಾ. ಇಬ್ಬರಿಗೂ ಮಾತು ಅಷ್ಟಕ್ಕಷ್ಟೇ.

ಆ ವರ್ಷ ಬತುಕಮ್ಮ ಹಬ್ಬ ಬಂತು. ಹೆಣ್ಣುಮಕ್ಕಳು ತವರಿಗೆ ಹೋಗಿ, ತಟ್ಟೆಯಲ್ಲಿ ಹೂವು ಪೇರಿಸಿ, ಸುತ್ತ ಕುಣಿದು ಹಾಡುವ ಹಬ್ಬ. ಅದಕ್ಕೆ ತಂಗಡಿ ಹೂವೇ ಬೇಕು. ಕೂಕಟ್‌ಪಲ್ಲಿಯ ಬಯಲಿನಲ್ಲೋ, ಅಷ್ಟರಲ್ಲಿ ಫ್ಲ್ಯಾಟುಗಳೆದ್ದಿದ್ದವು. ಬೆಳಿಗ್ಗೆ ಅವಳು ಖಾಲಿ ತಟ್ಟೆ ಹಿಡಿದು ನಮ್ಮ ಗೇಟಿನಲ್ಲಿ ನಿಂತಳು.

"ಬಾಬಾಯಿಗಾರೂ, ಕೊಂಚೆಂ ತಂಗೇಡು ಪೂಲು ಇಸ್ತಾರಾ?"

ಕೊಂಚ ತಂಗಡಿ ಹೂವು ಕೊಡುತ್ತೀರಾ ಎಂದು ಕೇಳುವಾಗ ಜಗಳಗಂಟಿಯ ಬಾಯಲ್ಲಿ ಬಾಬಾಯಿ, ಅಂದರೆ ಚಿಕ್ಕಪ್ಪ! ಆದರೂ ಕಾಕಾ ಇಲ್ಲವೆಂದು ತಲೆಯಾಡಿಸಿದರು. ಬಜಾರಿನಲ್ಲಿ ಚೆಂಡು ಹೂವು ಧಾರಾಳವಾಗಿ ಸಿಗುತ್ತದೆ ಎಂದರು.

ಅವಳು ವಾದಿಸಲಿಲ್ಲ. ಪ್ರತಿವರ್ಷ ಅಮ್ಮನೇ ಹೊಲಕ್ಕೆ ಹೋಗಿ ತಂಗಡಿ ತಂದಿಡುತ್ತಿದ್ದಳಂತೆ. ಆ ಬೇಸಿಗೆಯಲ್ಲಿ ಅಮ್ಮ ತೀರಿಕೊಂಡಿದ್ದಳು. "ಈ ಸಲ ಊರಿಗೆ ಹೋದರೂ ಬಾಗಿಲು ತೆಗೆಯುವವರಿಲ್ಲ" ಎಂದು ಹೊರಟೇಬಿಟ್ಟಳು.

"ನಿಲ್ಲಮ್ಮಾ!"

ಕಾಕಾ ಅವಳ ಕೈಯಿಂದ ತಟ್ಟೆ ತೆಗೆದುಕೊಂಡರು. ತಾವೇ ಬಗ್ಗಿ ಬಗ್ಗಿ ಕಿತ್ತರು. ಗಿಡದಲ್ಲಿ ಒಂದು ಹಳದಿ ಎಸಳೂ ಉಳಿಯಲಿಲ್ಲ. ಕಾಕು ಬಾಗಿಲಲ್ಲೇ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡರು.

ಅವಳು ಹೋದ ಮೇಲೆ ಜೇನುಹುಳಗಳು ಬಂದು ಬೋಳು ಗಿಡದ ಸುತ್ತ ಗಿರಕಿ ಹೊಡೆಯತೊಡಗಿದವು. ಕಾಕಾ ಅವುಗಳೆದುರು ಕೈಮುಗಿದು ನಿಂತಿದ್ದರು.

"ಸಿಟ್ಟಾಗಬ್ಯಾಡ್ರಪಾ, ನಾಳಿಗೆ ಬರ್ರಿ. ಇವತ್ತ ನಮ್ಮ ಮಗಳು ತವರಿಗೆ ಬಂದಿದ್ಲು."